ಮೂಗಿನ ಮೇಲೊಂದು ಬಾಣ

ಕನ್ನಡಕದವರು: ನೀವೇ ಹೇಳಿ ಪೇಂಟ್ರೇ, ಇದು ನನ್ನ ಹೆಂಡ್ತಿನಾ?

ಪೇಂಟರ್: ಅವರನ್ನ ನಾನು ಕಣ್ಣಲ್ಲಿ ಕಂಡಿಲ್ಲ ಸ್ವಾಮಿ. ಮದ್ವೆ ಆಗಿರೋರು ನೀವು. ಹೌದೋ ಅಲ್ವೋ ಅಂತ ನೀವೇ ಹೇಳ್ಬೇಕು.

ಕನ್ನಡಕದವರು: ಹೇಳೋಕೆ ಇದರಲ್ಲಿ ಏನಾದ್ರೂ ಕಾಣ್ಬೇಕಲ್ಲ! ಕಣ್ಣೆಲ್ಲಿದೆ?

ಪೇಂಟರ್: ಇದೆಯಲ್ಲ, ಕಪ್ಪಗೆ ಎರಡು.

ಕನ್ನಡಕದವರು: ಅದು ಕಣ್ಣಾ? ನಾನು ಬಣ್ಣ ಚೆಲ್ಲಿದೆ ಅನ್ಕೊಂಡೆ.

ಪೇಂಟರ್: ಬಣ್ಣ ಚೆಲ್ಲೋ ಕೈ ಅಲ್ಲ ಇದು. ಇಡೀ ಬೀದಿಯ ಬೋರ್ಡುಗಳನ್ನ ಬರೆದಿರೋ ಕೈ.

ಕನ್ನಡಕದವರು: ಹಾಗಾದ್ರೆ ಮೂಗಿನ ಮೇಲೆ ಇದೇನ್ರೀ? ದುಂಡಗೆ ಒಂದು ಸೊನ್ನೆ, ಸೊನ್ನೆ ಒಳಗೆ ಕೆಳಗೆ ನೋಡೋ ಬಾಣ! ಲೋಕದಲ್ಲಿ ಯಾವ ಹೆಂಗಸಿಗಾದ್ರೂ ಮೂಗಿನ ಮೇಲೆ ಬಾಣ ಇರುತ್ತಾ?

ಪೇಂಟರ್: ಫೋಟೋದಲ್ಲಿತ್ತು. ಬರೆದೆ.

ಏಣಿ ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು. ಬೋರ್ಡಿಗೆ ಹೊದಿಸಿ ತಂದಿದ್ದ ಹಳೆಯ ಬೆಡ್‌ಶೀಟು ಈಗತಾನೆ ಕೆಳಗೆ ಬಿದ್ದಿತ್ತು. ಬೀದಿಯವರೆಲ್ಲ ಕನ್ನಡಕದವರು ಎಂದೇ ಕರೆಯುವ ಆ ಅಂಗಡಿಯ ಯಜಮಾನರು ಫುಟ್‌ಪಾತಿನ ಮೇಲೆ ನಿಂತು, ತಮ್ಮ ಕನ್ನಡಕವನ್ನು ಒಮ್ಮೆ ತೆಗೆದು, ಒಮ್ಮೆ ಹಾಕಿ, ಕೊನೆಗೆ ಅಂಗಿಯ ತುದಿಯಲ್ಲಿ ಒರೆಸಿ ಹಾಕಿಕೊಂಡು ನೋಡಿದರು. ಕನ್ನಡಕದ್ದೇನೂ ತಪ್ಪಿರಲಿಲ್ಲ. ಬೋರ್ಡಿನ ಅಕ್ಷರಗಳು ಬೀದಿಯ ಆ ತುದಿಗೂ ಚೊಕ್ಕವಾಗಿ ಕಾಣುತ್ತಿದ್ದವು: "ಕನ್ನಡಕದ ಅಂಗಡಿ. ಇಲ್ಲಿ ಕಣ್ಣು ಪರೀಕ್ಷೆ ಮಾಡಲಾಗುವುದು." ಪಕ್ಕದಲ್ಲಿದ್ದ ಮುಖ ಮಾತ್ರ ಬಿಸಿನೀರಿನ ಆವಿ ಕೂತ ಬಚ್ಚಲುಮನೆ ಕನ್ನಡಿಯಲ್ಲಿ ಕಂಡ ಹಾಗಿತ್ತು.

ಕನ್ನಡಕದವರು: ಆ ಗಲ್ಲದ ಕೆಳಗೆ ಬರೆದಿರೋದು ಏನು? ಎಂಬತ್ತೆರಡು ಕೆಬಿ?

ಪೇಂಟರ್: ಅದೂ ಫೋಟೋದಲ್ಲಿತ್ತು. ಎಂಬತ್ತೆರಡು ಅವರ ವಯಸ್ಸು, ಕೆಬಿ ಅವರ ಇನಿಶಿಯಲ್ಲು ಅನ್ಕೊಂಡೆ.

ಕನ್ನಡಕದವರು: ನನ್ನ ಹೆಂಡ್ತಿಗೆ ಎಂಬತ್ತೆರಡು ವಯಸ್ಸಾ! ನನ್ನ ಮುಖ ನೋಡ್ರೀ. ನನಗೆ ಎಷ್ಟಿರಬಹುದು?

ಪೇಂಟರ್: ಐವತ್ತರ ಆಚೆ ಈಚೆ. ನನಗೂ ಆಶ್ಚರ್ಯ ಆಯ್ತು ಸ್ವಾಮಿ. ಆದ್ರೆ ಇನ್ನೊಬ್ಬರ ಸಂಸಾರದ ವಿಷಯ, ನಾವು ಬಾಯಿ ಹಾಕಬಾರದು ಅಂತ ಸುಮ್ನಾದೆ.

ಕನ್ನಡಕದವರು: ಸುಮ್ನಾಗೋ ಬದಲು ಒಂದು ಮಾತು ಕೇಳೋಕೇನಾಗಿತ್ತು?

ಪೇಂಟರ್: ಕೇಳದೇ ಬರೆದೆನಾ? ಮೆಸೇಜ್ ಹಾಕಿದ್ದೆ, "ಫೋಟೋದಲ್ಲಿ ಇರೋದೆಲ್ಲ ಬರೀಲಾ?" ಅಂತ. ನೀವು ಒಂದು ಮಿಸ್ಡ್ ಕಾಲ್ ಕೊಟ್ರಿ. ನಮ್ಮಿಬ್ಬರ ಮಾತು ಏನಿತ್ತು? ಒಂದು ಸಲ ಹೊಡ್ಕೊಂಡ್ರೆ "ಆಗಲಿ". ಎರಡು ಸಲ ಹೊಡ್ಕೊಂಡ್ರೆ "ಬೇಡ".

ಕನ್ನಡಕದವರು: ಇರೋದೆಲ್ಲ ಅಂದ್ರೆ ಕಣ್ಣು, ಕಿವಿ, ಕೂದಲು ಅನ್ಕೊಂಡೆ ಕಣ್ರೀ!

ಪೇಂಟರ್: ಆಮೇಲೆ ಇನ್ನೊಂದು ಹಾಕಿದ್ದೆ. "ಮುಖ ಮಂಜು ಮಂಜಾಗಿದೆ. ತಿದ್ದಿ ಬರೀಲಾ, ಇದ್ದ ಹಾಗೇ ಬರೀಲಾ?" ಅಂತ. ಅದಕ್ಕೂ ಒಂದು ಮಿಸ್ಡ್ ಕಾಲು.

ಕನ್ನಡಕದವರು: ಆ ಮೆಸೇಜ್ ನನಗೆ ಬಂದೇ ಇಲ್ಲ! ಡೇಟಾ ಆರಿಸಿದ್ದೆ. ಬೋರ್ಡ್ ಎಲ್ಲಿಗೆ ಬಂತು ಅಂತ ಕೇಳೋಕೆ ಮಿಸ್ಡ್ ಕಾಲ್ ಕೊಟ್ಟೆ.

ಪೇಂಟರ್: ಎಲ್ಲಿಗೆ ಬಂತು ಅಂತ ಕೇಳೋಕೆ ಎಷ್ಟು ಸಲ ಹೊಡೀಬೇಕು ಅಂತ ನಾವು ಮಾತಾಡ್ಕೊಂಡೇ ಇರಲಿಲ್ಲವಲ್ಲ.

ಕನ್ನಡಕದವರು: ಹೋಗಲಿ, "ತಿದ್ದಲಾ, ಇದ್ದ ಹಾಗೇ ಬರೀಲಾ" ಅಂತ ಕೇಳಿದ್ದಕ್ಕೆ "ಆಗಲಿ" ಅಂದ್ರೆ ಯಾವುದು ಆಗಲಿ ಅಂತ ತಿಳ್ಕೊಂಡ್ರಿ?

ಪೇಂಟರ್: ಅದನ್ನ ವಾಪಸ್ ಕೇಳೋಣ ಅಂದ್ರೆ ಅಷ್ಟು ಹೊತ್ತಿಗೆ ನನ್ನ ನೆಟ್ಟು ಮುಗಿದಿತ್ತು.

ಕನ್ನಡಕದವರು ಜಿಪುಣರಲ್ಲ. ಹಾಗಂತ ಅವರೇ ಎಲ್ಲರ ಹತ್ತಿರವೂ ಹೇಳುತ್ತಾರೆ. ಅವರ ಮೊಬೈಲಿನಲ್ಲಿದ್ದದ್ದು ಮಾತ್ರ ಕಂಪನಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಸಣ್ಣಕ್ಷರದಲ್ಲಿ ಇರುವ ಪ್ಲಾನು. ಮೊದಲೆಲ್ಲ ಅದರಲ್ಲಿ ದಿನಾ ಒಂದಿಷ್ಟು ಡೇಟಾ ಬರುತ್ತಿತ್ತು. ಈಚೆಗೆ ಕಂಪನಿಯವರು ಅದನ್ನು ಕಿತ್ತುಕೊಂಡು, ತಿಂಗಳಿಗೆಲ್ಲ ಸೇರಿಸಿ ಒಂದು ಚಿಟಿಕೆ ಕೊಟ್ಟಿದ್ದರು. ಮಾತಾಡುವ ನಿಮಿಷಕ್ಕೂ ಮಿತಿ ಹಾಕಿದ್ದರು. ಅಂದಿನಿಂದ ಅವರು ಹಾಲು ಕಾಯಿಸಿ ಗ್ಯಾಸ್ ಆರಿಸುವ ಹಾಗೆ, ಮೆಸೇಜು ನೋಡಿದ ತಕ್ಷಣ ಡೇಟಾ ಆರಿಸುತ್ತಿದ್ದರು. ಪೇಂಟರಿಗೆ ದಿನದ ಡೇಟಾ ಇತ್ತು, ಆದರೆ ಅದು ಹಳೆಯ ಕುಸ್ತಿ ಪಂದ್ಯಗಳಿಗೂ ನೆಂಟರಿಷ್ಟರು ಕಳಿಸುವ ಶುಭೋದಯದ ಹೂವುಗಳಿಗೂ ಬೆಳಗ್ಗೆಯೇ ಕರಗಿಹೋಗುತ್ತಿತ್ತು. ಆಮೇಲೆ ನೆಟ್ಟು ಇರುವೆ ಹೆಜ್ಜೆ ಹಾಕುತ್ತಿತ್ತು.

ಕನ್ನಡಕದವರು: ನಿಮಗೆ ಗೊತ್ತಿಲ್ಲ ಪೇಂಟ್ರೇ, ನನ್ನ ಸಂಸಾರ ಈ ಬೋರ್ಡ್ ಮೇಲೆ ನಿಂತಿದೆ.

ಪೇಂಟರ್: ಮೊಳೆ ಗಟ್ಟಿಯಾಗೇ ಹೊಡೆದಿದೀನಿ.

ಕನ್ನಡಕದವರು: ತಮಾಷೆ ಬೇಡ. ಇವತ್ತು ಅವಳು ತವರಿಂದ ಬರ್ತಾಳೆ. "ನಾಳೆ ಬರ್ತೀನಿ" ಅಂತ ನಿನ್ನೆ ಮೆಸೇಜ್ ಹಾಕಿದ್ಳು. ಅಷ್ಟೇ. ಇರೋಕೆ ಬರ್ತಾಳೋ, ಉಳಿದ ಬಟ್ಟೆ ಗಂಟು ಕಟ್ಕೊಂಡು ಹೋಗೋಕೆ ಬರ್ತಾಳೋ ಹಾಕಿಲ್ಲ.

ಪೇಂಟರ್: ಫೋನ್ ಮಾಡಿ ಕೇಳ್ಬೇಕಿತ್ತು.

ಕನ್ನಡಕದವರು: ಪ್ಲಾನಲ್ಲಿ ನಿಮಿಷ ಮುಗಿದಿತ್ತು.

ನಿಮಿಷ ಮುಗಿದಿದ್ದು ನಿಜ. ಆದರೆ ಪಕ್ಕದ ಅಂಗಡಿಯವರ ಫೋನು ಕೇಳಿದ್ದರೆ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಕನ್ನಡಕದವರಿಗೆ ಕೇಳಲು ಹೆದರಿಕೆಯಾಗಿತ್ತು, ಇದ್ದ ಮಾತು ಅಷ್ಟೆ. ಆ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ನಂಬರ್ ಬರೆಯುವುದು ಅವರ ಕೆಲಸ. ಒಳಕೋಣೆಯ ಯಂತ್ರದ ಮುಂದೆ ಕೂತು ಲೆನ್ಸ್ ಕತ್ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸುವುದೆಲ್ಲ ಹೆಂಡತಿಯದು. ಒಂದು ದಿನ ಯಾರೋ ಗಿರಾಕಿ ಹೊಗಳಿದಾಗ ಇವರು ಎದೆಯುಬ್ಬಿಸಿ "ಎಲ್ಲಾ ನನ್ನೊಬ್ಬನ ದುಡಿಮೆ" ಎಂದುಬಿಟ್ಟರು. ಒಳಗೆ ಯಂತ್ರ ಗಕ್ಕನೆ ನಿಂತಿತು. "ಈ ಅಂಗಡಿಯಲ್ಲಿ ನಾನೆಲ್ಲಿ ಕಾಣ್ತೀನಿ?" ಎಂದು ಆಕೆ ಒಂದೇ ಮಾತು ಕೇಳಿ, ಉತ್ತರ ಬಾರದ್ದಕ್ಕೆ ಸಂಜೆಯ ಬಸ್ಸು ಹತ್ತಿದ್ದಳು. ಅಂದಿನಿಂದ ಯಂತ್ರದ ಮೇಲೆ ಧೂಳು ಕೂತಿತ್ತು, ಕನ್ನಡಕದವರ ಮುಖದ ಮೇಲೂ.

ಕನ್ನಡಕದವರು: ಅದಕ್ಕೇ ಯೋಚನೆ ಮಾಡಿದೆ. ಎಲ್ಲಿ ಕಾಣ್ತೀನಿ ಅಂತ ತಾನೆ ಕೇಳಿದ್ದು? ಬೋರ್ಡ್ ಮೇಲೇ ಕಾಣಲಿ ಅಂತ. ಬಸ್ಸಿಳಿದು ಬರೋವಾಗ ದೂರದಿಂದ್ಲೇ ತನ್ನ ಮುಖ ತಾನು ನೋಡ್ಲಿ ಅಂತ. ಈಗ ಬಂದು ನೋಡ್ತಾಳೆ: ಎಂಬತ್ತೆರಡು ವಯಸ್ಸು, ಮೂಗಿನ ಮೇಲೆ ಬಾಣ!

ಪೇಂಟರ್: ಅವರು ಕಳಿಸಿದ ಫೋಟೋನೇ ಹಾಗಿದ್ರೆ ನಾನೇನ್ ಮಾಡ್ಲಿ?

ಕನ್ನಡಕದವರು: ಎಲ್ಲಿ ಕೊಡಿ ಆ ಫೋಟೋ, ನೋಡ್ತೀನಿ.

ಪೇಂಟರ್: ನೀವು ನೋಡಿಲ್ವಾ?

ಕನ್ನಡಕದವರು: ನಾನೆಲ್ಲಿ ನೋಡ್ಲಿ? ನನ್ನ ಮೊಬೈಲಿಗೆ ಬಂದು, ಅಲ್ಲಿಂದ ನಿಮ್ಮದಕ್ಕೆ ಹೋದ್ರೆ ಎರಡೆರಡು ಸಲ ಡೇಟಾ ದಂಡ. ಅದಕ್ಕೆ "ಈ ನಂಬರಿಗೆ ಒಂದು ಫೋಟೋ ಕಳಿಸು" ಅಂತ ಅವಳಿಗೆ ನಿಮ್ಮ ನಂಬರ್ ಕೊಟ್ಟೆ.

ಪೇಂಟರ್ ಬಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೊಬೈಲ್ ತೆಗೆದು ಕೊಟ್ಟರು. ಕನ್ನಡಕದವರು ನೋಡಿದರು. ಮಂಜು ಮಂಜಾದ ಮುಖ, ಮಧ್ಯದಲ್ಲಿ ಸೊನ್ನೆ, ಸೊನ್ನೆಯೊಳಗೆ ಬಾಣ, ಕೆಳಗೆ ಎಂಬತ್ತೆರಡು ಕೆಬಿ. ಬೋರ್ಡಿಗೂ ಅದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಪೇಂಟರರ ಕೈ ನಿಜಕ್ಕೂ ಒಳ್ಳೆಯ ಕೈ.

ಕನ್ನಡಕದವರು: ಅಯ್ಯೋ ಪುಣ್ಯಾತ್ಮಾ! ಇದನ್ನ ಒತ್ತಿಲ್ವೇನ್ರೀ?

ಪೇಂಟರ್: ಯಾವುದನ್ನ?

ಕನ್ನಡಕದವರು: ಬಾಣಾನ! ಇದು ಫೋಟೋ ಇಳಿಸ್ಕೊಳ್ಳೋ ಗುರುತು! ಎಂಬತ್ತೆರಡು ಕೆಬಿ ಅನ್ನೋದು ಫೋಟೋ ನುಂಗೋ ಡೇಟಾ! ಒತ್ತಿದ್ರೆ ತಾನೆ ಫೋಟೋ ಪೂರ್ತಿ ಬರೋದು!

ಪೇಂಟರ್: ನನ್ನ ಮೊಬೈಲಲ್ಲಿ ಫೋಟೋ ತಾನಾಗೇ ಬರ್ತಿತ್ತಪ್ಪ. ಮೊನ್ನೆ ಮಗಳು ಬಂದು, "ಅಪ್ಪಾ, ಬರೀ ಹೂವಿಗೇ ನಿನ್ನ ಡೇಟಾ ಖಾಲಿ ಆಗ್ತಿದೆ" ಅಂತ ಏನೋ ಮಾಡಿ ಹೋದ್ಳು. ಆಮೇಲಿಂದ ಎಲ್ಲರೂ ಮಂಜಾಗೇ ಕಳಿಸೋಕೆ ಶುರು ಮಾಡಿದ್ರು. ಈಗಿನವರ ಹೊಸ ಶೋಕಿ ಅನ್ಕೊಂಡೆ.

ಕನ್ನಡಕದವರು: ಒತ್ತಿ ಈಗ! ಒತ್ತಿ!

ಪೇಂಟರ್: ನೀವೇ ಒತ್ತಿ ಸ್ವಾಮಿ. ನಿಮ್ಮ ಮನೆಯವರು.

ಒತ್ತಿದರು. ಬಾಣ ಮಾಯವಾಗಿ ಸೊನ್ನೆ ತಿರುಗತೊಡಗಿತು. ತಿರುಗಿತು. ತಿರುಗುತ್ತಲೇ ಇತ್ತು.

ಪೇಂಟರ್: ಬೆಳಗ್ಗೆ ಒಂದೊಳ್ಳೆ ಕುಸ್ತಿ ಇತ್ತು ಸ್ವಾಮಿ. ಇವತ್ತಿಂದು ಮುಗಿದಿದೆ.

ಕನ್ನಡಕದವರು: ಮುಗಿದ್ಮೇಲೂ ನಿಧಾನಕ್ಕೆ ಬರುತ್ತಲ್ಲ?

ಪೇಂಟರ್: ಬರುತ್ತೆ. ಸಂಸಾರ ನಡೀತಿರೋ ಹಾಗೆ. ನಿಮ್ಮ ಮೊಬೈಲಿಂದ ಹಾಟ್‌ಸ್ಪಾಟ್ ಕೊಡಿ, ಬೇಗ ಬರುತ್ತೆ.

ಕನ್ನಡಕದವರು: ನನ್ನ ಪ್ಲಾನಲ್ಲಿ ಇನ್ನೊಬ್ಬರಿಗೆ ಹಂಚೋ ಹಾಗಿಲ್ಲ.

ಪೇಂಟರ್: ಹಂಚೋ ಹಾಗಿಲ್ವೋ, ಹಂಚೋ ಮನಸ್ಸಿಲ್ವೋ?

ಕನ್ನಡಕದವರು: ನೋಡಿ, ನೀವೂ ನನ್ನ ಹೆಂಡ್ತಿ ಥರಾನೇ ಮಾತಾಡೋಕೆ ಶುರು ಮಾಡಿದ್ರಿ!

ಇಬ್ಬರೂ ಒಂದೇ ಮೊಬೈಲಿನ ಮೇಲೆ ತಲೆ ಬಗ್ಗಿಸಿ, ತಿರುಗುವ ಸೊನ್ನೆಯನ್ನು ನೋಡುತ್ತ ನಿಂತರು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಕಡೆಯಿಂದ ಖಾಕಿ ಅಂಗಿ ತೊಟ್ಟ ಒಬ್ಬ ಬಸ್ ಡ್ರೈವರ್, ನಾಲ್ಕು ಹೆಜ್ಜೆಗೊಮ್ಮೆ ನಿಂತು ಕಣ್ಣುಜ್ಜಿಕೊಳ್ಳುತ್ತ ಹತ್ತಿರ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

ಡ್ರೈವರ್: ಸರ್, ಕಣ್ಣು ನೋಡೋರು ನೀವೇನಾ?

ಕನ್ನಡಕದವರು: ನಾನೇ. ಸ್ವಲ್ಪ ಇರಿ, ಇಲ್ಲೊಂದು ಅರ್ಜೆಂಟ್ ಕೆಲಸ...

ಡ್ರೈವರ್: ನನ್ನದು ಅದಕ್ಕಿಂತ ಅರ್ಜೆಂಟ್ ಸರ್. ಆಗಿಂದ ನಿಮ್ಮ ಬೋರ್ಡ್ ನೋಡ್ತಿದೀನಿ. ಅಕ್ಷರ ಕಾಣುತ್ತೆ, ಮುಖ ಕಾಣಲ್ಲ. ಹತ್ರ ಬಂದೆ, ಆಗ್ಲೂ ಕಾಣಲ್ಲ. ನಾನು ಬಸ್ ಓಡಿಸೋನು ಸರ್! ಮನುಷ್ಯರ ಮುಖ ಕಾಣದಿದ್ರೆ ಹೇಗೆ?

ಕನ್ನಡಕದವರು: ಗಾಬರಿ ಬೇಡ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಬೋರ್ಡೇ ಹಾಗಿರೋದು.

ಡ್ರೈವರ್: ಸಮಾಧಾನ ಹೇಳ್ಬೇಡಿ ಸರ್, ನಿಜ ಹೇಳಿ. ಕನ್ನಡಕದ ಅಂಗಡಿಯವರು ಯಾರಾದ್ರೂ ಮಂಜು ಮಂಜಾಗಿ ಬೋರ್ಡ್ ಬರೆಸ್ತಾರಾ?

ಪೇಂಟರ್: ಬರೆಸ್ತಾರೆ.

ಡ್ರೈವರ್: ಇನ್ನೊಂದು ಹೇಳೋಕೆ ಭಯ ಆಗುತ್ತೆ ಸರ್. ನನಗೆ ಆ ಅಮ್ಮನ ಮೂಗಿನ ಮೇಲೆ ಬಾಣ ಕಾಣ್ತಿದೆ.

ಕನ್ನಡಕದವರು: ಬಾಣ ನನಗೂ ಕಾಣ್ತಿದೆ.

ಡ್ರೈವರ್: ನಿಮಗೂ ಇದೆಯಾ ಈ ಕಾಯಿಲೆ! ಡಾಕ್ಟರಿಗೇ ಬಂದ್ಮೇಲೆ ಇನ್ನು ನಮ್ಮ ಗತಿ ಏನು?

ಬೇರೆ ದಾರಿ ಕಾಣದೆ ಕನ್ನಡಕದವರು ಅವನನ್ನು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರಪಟ್ಟಿ ಓದಿಸಿದರು. ಮೇಲಿನ ಸಾಲುಗಳು ಸರಾಗವಾಗಿ ಬಂದವು. ಕೆಳಗಿನ ಸಾಲುಗಳಿಗೆ ಬಂದಾಗ ಡ್ರೈವರ್ ಓದುವುದನ್ನು ಬಿಟ್ಟು ಊಹಿಸತೊಡಗಿದ. ಬೋರ್ಡಿನ ತಪ್ಪು ಬೋರ್ಡಿನದು, ಆದರೆ ಅವನ ಕಣ್ಣಿಗೂ ಕನ್ನಡಕ ಬೇಕೇ ಬೇಕಿತ್ತು. ನಂಬರ್ ಬರೆದು ಹೊರಗೆ ಬರುವಷ್ಟರಲ್ಲಿ ಕೈಚೀಲ ಹಿಡಿದ ಹೆಂಗಸೊಬ್ಬಳು, ಹಲ್ಲಿನ ಡಾಕ್ಟರರ ಕಾಂಪೌಂಡರು, ಪಕ್ಕದ ಮನೆಯ ಸಂಗೀತದ ಮೇಷ್ಟ್ರು ಬೆಂಚಿನ ಮೇಲೆ ಸಾಲಾಗಿ ಕೂತು, ತಮಗೆ ಎಂದಿನಿಂದ ಮುಖಗಳು ಕಾಣುತ್ತಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅಷ್ಟು ಜನ ಒಟ್ಟಿಗೆ ಆ ಬೆಂಚಿನ ಮೇಲೆ ಕೂತದ್ದನ್ನು ಕನ್ನಡಕದವರು ಎಂದೂ ನೋಡಿರಲಿಲ್ಲ. ಆದರೆ ಲೆನ್ಸ್ ಮಾಡುವವರು ಎಲ್ಲಿ? ಒಳಕೋಣೆಯ ಕಡೆ ನೋಡಿದರೆ ಯಂತ್ರದ ಮೇಲೆ ಅದೇ ಧೂಳು.

ಪೇಂಟರ್: (ಹೊರಗಿನಿಂದ) ಬಂತು ಸ್ವಾಮಿ, ಫೋಟೋ ಬಂತು!

ಕನ್ನಡಕದವರು ಓಡಿದರು. ಮೊಬೈಲ್ ಕಸಿದುಕೊಂಡು ನೋಡಿದರು. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಯಾರ ವಿರುದ್ಧವೋ ಸಾಕ್ಷಿ ಹೇಳಲು ಬಂದವರ ಹಾಗೆ ದುರುಗುಟ್ಟಿ ನೋಡುತ್ತಿದ್ದ ಮುಖ. ಅವರು ಮೊಬೈಲನ್ನು ಕಣ್ಣಿನ ಹತ್ತಿರ ತಂದು ಮತ್ತೊಮ್ಮೆ ನೋಡಿದರು.

ಪೇಂಟರ್: ಆಹಾ, ಏನು ಮುಖ! ಹಣೆ ಮೇಲೆ ಆ ಗೆರೆಗಳು ನೋಡಿ, ಒಂದೊಂದೂ ಬರೆಯೋಕೆ ಕೈ ತುರಿಸುತ್ತೆ. ತಪ್ಪು ತಿಳೀಬೇಡಿ, ಮನೆಯವರಿಗೆ ಸ್ವಲ್ಪ ವಯಸ್ಸಾಗಿರೋದು ನಿಜ. ಎಂಬತ್ತೆರಡು ಇಲ್ಲದಿದ್ರೂ...

ಕನ್ನಡಕದವರು: ಇದು ನನ್ನ ಹೆಂಡ್ತಿ ಅಲ್ಲ ಕಣ್ರೀ! ಹೆಂಡ್ತಿಯ ಅಮ್ಮ!

ಪೇಂಟರ್: ಅತ್ತೆಯವ್ರಾ?

ಕನ್ನಡಕದವರು: ಅತ್ತೇನೇ! ಅವರಿಗೊಂದು ಹೊಸ ಕನ್ನಡಕ ಮಾಡ್ಕೊಡಿ ಅಂತ ಇವಳು ಹೇಳ್ತಾನೇ ಇದ್ಳು. ಫೋಟೋ ಕಳಿಸು ಅಂದಾಗ ಮುಖದ ಅಳತೆಗೆ ಅನ್ಕೊಂಡು ಅಮ್ಮನ್ನ ಕೂರಿಸಿ ತೆಗೆದು ಕಳಿಸಿದಾಳೆ!

ಪೇಂಟರ್: ಯಾತಕ್ಕೆ ಫೋಟೋ ಅಂತ ನೀವು ಬರೆದಿರಲಿಲ್ವಾ?

ಕನ್ನಡಕದವರು: ಮೆಸೇಜ್ ಉದ್ದ ಆಗುತ್ತೆ ಅಂತ...

ಪೇಂಟರ್: ಸರಿಬಿಡಿ, ಆಗಿದ್ದು ಆಯ್ತು. ಈಗ ಫೋಟೋ ಚೊಕ್ಕವಾಗಿ ಬಂದಿದೆ. ಡಬ್ಬಿಯಲ್ಲಿ ಬಣ್ಣ ಇನ್ನೂ ಉಳಿದಿದೆ. ಅತ್ತೆಯವರ ಮುಖಾನ ಅಚ್ಚೊತ್ತಿದ ಹಾಗೆ ಬರೆದುಬಿಡ್ತೀನಿ.

ಎನ್ನುತ್ತಲೇ ಪೇಂಟರ್ ಕುಂಚ ಬಾಯಲ್ಲಿ ಕಚ್ಚಿಕೊಂಡು ಏಣಿ ಹತ್ತಿದರು. ಕನ್ನಡಕದವರು ಏಣಿಯ ಕಾಲು ಹಿಡಿದುಕೊಂಡರು.

ಕನ್ನಡಕದವರು: ಇಳೀರಿ! ಒಂದು ಗೆರೆ ಎಳೆದ್ರೂ ಏಣಿ ಅಲ್ಲಾಡಿಸ್ತೀನಿ!

ಪೇಂಟರ್: (ಕುಂಚ ತೆಗೆದು) ಏನ್ ಸ್ವಾಮಿ ಇದು? ಈಗತಾನೆ ಮುಖ ಕಾಣಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದ್ರಿ!

ಕನ್ನಡಕದವರು: ಮಂಜೇ ಇರಲಿ. ಮಂಜೇ ಚೆಂದ.

ಪೇಂಟರ್: ಇಲ್ಲಿ ಕೆಳಗೆ ಮೂಲೆಯಲ್ಲಿ ನನ್ನ ಗುರುತು ಹಾಕಿದೀನಿ. ನೋಡಿದವರು ನನ್ನ ಕೈ ನಡುಗುತ್ತೆ ಅಂತಾರೆ.

ಕನ್ನಡಕದವರು: ಅಲ್ರೀ, ಸ್ವಲ್ಪ ಯೋಚನೆ ಮಾಡಿ. ಈ ಮಂಜಲ್ಲಿ ಯಾರು ಬೇಕಾದ್ರೂ ಇರಬಹುದು. ಅವಳು ಬಂದು ನೋಡಿ, ತಾನೇ ಅಂತ ಅನ್ಕೊಂಡ್ರೆ ನಾನು ಬದುಕಿದೆ. ಆ ಬಾಣ, ಆ ಎಂಬತ್ತೆರಡು, ಅಷ್ಟು ಅಳಿಸಿಬಿಡಿ ಸಾಕು.

ಪೇಂಟರ್: ಹೆಂಡ್ತಿಗೆ ಸುಳ್ಳು ಹೇಳ್ತೀರಾ?

ಕನ್ನಡಕದವರು: ಹೇಳಲ್ಲ. ಅವಳೇ ಅನ್ಕೊಂಡ್ರೆ ಬೇಡ ಅನ್ನಲ್ಲ.

ಪೇಂಟರ್: ಸ್ವಾಮಿ...

ಕನ್ನಡಕದವರು: ಏನು?

ಪೇಂಟರ್: ನಿಮ್ಮ ಹಿಂದೆ ಇಬ್ಬರು ನಿಂತಿದಾರೆ. ಒಬ್ಬರನ್ನ ನಾನು ಫೋಟೋದಲ್ಲಿ ನೋಡಿದೀನಿ.

ಕನ್ನಡಕದವರು ತಿರುಗಿದರು. ಹೆಂಡತಿ ಕೈಯಲ್ಲಿ ಒಂದು ಬ್ಯಾಗು ಹಿಡಿದು ನಿಂತಿದ್ದಳು. ಅದು ತುಂಬಿದ ಬ್ಯಾಗೋ ತುಂಬಿಸಲು ತಂದ ಖಾಲಿ ಬ್ಯಾಗೋ ಎಂದು ಅವರಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ಅತ್ತೆ ಕಣ್ಣು ಕಿರಿದು ಮಾಡಿ ಬೋರ್ಡನ್ನೇ ನೋಡುತ್ತಿದ್ದರು.

ಅತ್ತೆ: ಇದು ನಾನೇ ಅಲ್ವೇನೇ?

ಹೆಂಡತಿ: ಎಲ್ಲಮ್ಮಾ?

ಅತ್ತೆ: ಅಲ್ಲಿ, ಮೇಲೆ. ನಾನೇ ಕಣೇ! ಕನ್ನಡಕ ಇಲ್ಲದೆ ದಿನಾ ಕನ್ನಡಿಯಲ್ಲಿ ನೋಡ್ಕೊಂಡ್ರೆ ನಾನು ಕಾಣೋದು ಥೇಟ್ ಹೀಗೇ. ಅಯ್ಯೋ, ಅಳಿಯಂದ್ರೇ! ಹುಟ್ಟಿದಾಗಿನಿಂದ ನನ್ನನ್ನ ಯಾರೂ ಒಂದು ಗೋಡೆ ಮೇಲೂ ಹಾಕಿಲ್ಲ. ನೀವು ಬೋರ್ಡ್ ಮೇಲೇ ಹಾಕ್ಸಿಬಿಟ್ರಲ್ಲ!

ಅತ್ತೆಯ ಕಣ್ಣು ತುಂಬಿ ಬಂತು. ಹೆಂಡತಿಯ ಮುಖ ಇಳಿದುಹೋಯಿತು. ಎರಡೂ ಒಟ್ಟಿಗೇ ನಡೆದವು.

ಹೆಂಡತಿ: ಅಮ್ಮನ ಫೋಟೋ ಇದಕ್ಕೆ ಕೇಳಿದ್ದಾ? ನಾನು ಕನ್ನಡಕಕ್ಕೆ ಅನ್ಕೊಂಡೆ. ಒಳ್ಳೇದಾಯ್ತು ಬಿಡಿ. ಅಮ್ಮನಿಗೆ ಸಂತೋಷ ಆಗಿದೆ.

ಅಷ್ಟು ಹೇಳಿ ಆಕೆ ಅಂಗಡಿಯ ಮೇಲಿದ್ದ ಮನೆಯ ಮೆಟ್ಟಿಲಿನ ಕಡೆ ಹೊರಟಳು. ಬ್ಯಾಗು ಹಗುರವಾಗಿ ತೂಗಾಡಿತು. ಖಾಲಿ ಬ್ಯಾಗು.

ಪೇಂಟರ್: (ಏಣಿಯ ಮೇಲಿಂದ) ತಾಯೀ, ಇವರು ಬರೆಸಿದ್ದು ನಿಮ್ಮನ್ನ! ಬಂದಿದ್ದು ಅವರು!

ಹೆಂಡತಿ: ಏನು?

ಕನ್ನಡಕದವರು: ನಿನ್ನ ಮುಖ ಅಂತ ಬರೆಸಿದ್ದು ಕಣೇ. ನೀನು ಅವತ್ತು ಕೇಳಿದ್ಯಲ್ಲ, ಎಲ್ಲಿ ಕಾಣ್ತೀನಿ ಅಂತ.

ಹೆಂಡತಿ: ಫೋಟೋ ಬಂದಾಗ ನೋಡ್ಲಿಲ್ವಾ ಯಾರದ್ದು ಅಂತ?

ಕನ್ನಡಕದವರು: ಬಂದಿದ್ದು ಇವರ ಮೊಬೈಲಿಗೆ.

ಹೆಂಡತಿ: ಇವರು ನೋಡ್ಲಿಲ್ವಾ?

ಪೇಂಟರ್: ನಾನು ಒತ್ತಿರಲಿಲ್ಲ ತಾಯೀ.

ಹೆಂಡತಿ: ಬೋರ್ಡಿಗೆ ನಿನ್ನ ಫೋಟೋ ಬೇಕು ಅಂತ ನನಗೆ ಬರೀಬಹುದಿತ್ತಲ್ಲ? ನಾಲ್ಕು ಅಕ್ಷರಕ್ಕೆ ಎಷ್ಟು ಡೇಟಾ ಹೋಗ್ತಿತ್ತು? ಪ್ಲಾನಿನ ಮೇಲೆ ಹಾಕ್ಬೇಡಿ. ನಿಜ ಹೇಳಿ.

ಕನ್ನಡಕದವರು ಒಮ್ಮೆ ಏಣಿಯ ಕಡೆ, ಒಮ್ಮೆ ಅತ್ತೆಯ ಕಡೆ ನೋಡಿ, ಕೊನೆಗೆ ತಮ್ಮ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಕನ್ನಡಕದವರು: ಕೇಳಿದ್ರೆ ನೀನು ಬೇಡ ಅಂದ್ಬಿಡ್ತೀಯ ಅಂತ ಭಯ ಇತ್ತು. ಬರಲ್ಲ ಅಂತಾನೇ ಅಂದ್ಬಿಟ್ರೆ? ಅದಕ್ಕೆ ಡೇಟಾ ಇಲ್ಲ, ನಿಮಿಷ ಇಲ್ಲ ಅಂತ ನನಗೆ ನಾನೇ ಹೇಳ್ಕೊಂಡು ಕೂತಿದ್ದೆ. ನೀನಿಲ್ಲದೆ ಅಂಗಡಿ ಅಂಗಡಿಯ ಹಾಗಿಲ್ಲ. ಅವತ್ತು ಗಿರಾಕಿ ಮುಂದೆ ಹಾಗಂದಿದ್ದು ತಪ್ಪು. ತಪ್ಪು ಅಂತ ಅವತ್ತೇ ಗೊತ್ತಾಗಿತ್ತು.

ಹೆಂಡತಿ ಬೋರ್ಡಿನ ಕಡೆ ತಲೆಯೆತ್ತಿ, ಆ ಬಾಣವನ್ನೂ ಎಂಬತ್ತೆರಡನ್ನೂ ಈಗ ಸರಿಯಾಗಿ ನೋಡಿದಳು. ಮೊದಲು ತುಟಿ ಬಿಗಿಹಿಡಿದಳು, ಆಮೇಲೆ ಹಿಡಿಯಲಾಗದೆ ಸೆರಗು ಬಾಯಿಗೊತ್ತಿಕೊಂಡು ನಕ್ಕುಬಿಟ್ಟಳು. ಆ ನಗು ಕೇಳಿ ಕನ್ನಡಕದವರಿಗೆ ಹೋದ ಜೀವ ಬಂದಂತಾಯಿತು.

ಡ್ರೈವರ್: (ಒಳಗಿನಿಂದ) ಸರ್, ನಂಬರೇನೋ ಬರೆದ್ರಿ. ಲೆನ್ಸ್ ಮಾಡೋರು ಯಾರು? ನನಗೆ ಸಂಜೆ ಡ್ಯೂಟಿ ಇದೆ!

ಹೆಂಡತಿ: ಒಳಗೆ ಯಾರ್ರೀ ಇಷ್ಟು ಜನ?

ಕನ್ನಡಕದವರು: ಬೋರ್ಡ್ ನೋಡಿ ಹೆದರ್ಕೊಂಡು ಬಂದಿರೋರು.

ಹೆಂಡತಿ: ಮತ್ತೆ ನೀವು ಬಾಗಿಲಿಗೆ ಅಡ್ಡ ನಿಂತ್ರೆ ನಾನು ಒಳಗೆ ಹೇಗೆ ಹೋಗ್ಲಿ? ಹಿಡ್ಕೊಳ್ಳಿ ಇದನ್ನ.

ಬ್ಯಾಗನ್ನು ಗಂಡನ ಕೈಗೆ ತುರುಕಿ ಆಕೆ ಒಳಗೆ ಹೋದಳು. ಅತ್ತೆ ಮಾತ್ರ ಬೋರ್ಡಿನ ಕೆಳಗಿಂದ ಕದಲಲಿಲ್ಲ.

ಅತ್ತೆ: ಹಾಗಾದ್ರೆ ಅಳಿಯಂದ್ರೇ, ಇನ್ನು ನನ್ನನ್ನ ಅಳಿಸಿ ಅವಳನ್ನ ಹಾಕಿಸ್ತೀರಾ?

ಪೇಂಟರ್: ನನ್ನ ಕೈಯಲ್ಲಿ ಕುಂಚ ಇದೆ ಸ್ವಾಮಿ. ಯಾರನ್ನ ಇಡ್ಲಿ, ಯಾರನ್ನ ತೆಗೀಲಿ? ಈ ಸಲ ಬಾಯಲ್ಲೇ ಹೇಳಿ, ಮಿಸ್ಡ್ ಕಾಲ್ ಬೇಡ.

ಕನ್ನಡಕದವರು: ಅದು... ಅತ್ತೆ... ಅಂದ್ರೆ...

ಹೆಂಡತಿ: (ಒಳಗಿನಿಂದ) ಅಮ್ಮ ಅಲ್ಲೇ ಇರಲಿ! ಗಿರಾಕಿಗಳನ್ನ ಕರ್ಕೊಂಡು ಬಂದಿರೋದು ಅವಳೇ. ನನ್ನ ಮುಖ ನೋಡ್ಬೇಕು ಅನ್ನೋರು ಒಳಗೆ ಬಂದು ನೋಡ್ಲಿ!

ಅತ್ತೆ ಫುಟ್‌ಪಾತಿನ ಮೇಲೆ ನಿಂತು, ಹೋಗಿಬರುವವರಿಗೆಲ್ಲ ಮೇಲೆ ಕಾಣುವುದು ತಾನೇ ಎಂದು ತೋರಿಸತೊಡಗಿದರು. ಒಳಗೆ ಯಂತ್ರ ಗುರ್ರೆಂದು ಶುರುವಾಯಿತು. ಕನ್ನಡಕದವರು ಬ್ಯಾಗು ಹಿಡಿದುಕೊಂಡೇ ಒಳಕೋಣೆಯ ಬಾಗಿಲಿಗೆ ಹೋಗಿ ನಿಂತರು. ಹೆಂಡತಿ ಲೆನ್ಸಿನ ಅಂಚು ಉಜ್ಜುತ್ತಿದ್ದಳು. ಹಣೆಯ ಮೇಲೆ ಕೂದಲು ಬಿದ್ದಿತ್ತು, ಮೂಗಿನ ತುದಿಗೆ ಬಿಳಿ ಪುಡಿ ಹತ್ತಿತ್ತು. ಅವರು ನೋಡುತ್ತಲೇ ನಿಂತರು.

ಹೆಂಡತಿ: ಏನ್ರೀ ಹಾಗೆ ನೋಡ್ತೀರಿ, ಎಂದೂ ಕಾಣದೋರ ಹಾಗೆ?

ಕನ್ನಡಕದವರು: ಇಷ್ಟು ದಿನ ಸರಿಯಾಗಿ ನೋಡೇ ಇರಲಿಲ್ಲ. ಇವತ್ತು ಪೂರ್ತಿ ನೋಡಿಬಿಡೋಣ ಅಂತ.

ಹೆಂಡತಿ: ಗಿರಾಕಿಗಳು ಕಾಯ್ತಿದಾರೆ, ಹೋಗಿ. ಇವತ್ತೇ ಎಲ್ಲಾ ಖಾಲಿ ಮಾಡ್ಬೇಡಿ. ನಾಳೆಗೂ ಸ್ವಲ್ಪ ಉಳಿಸ್ಕೊಳ್ಳಿ.